ಪಿ.ಯು.ಸಿ. ಅರ್ಥಶಾಸ್ತ್ರ ಮತ್ತು ನಮ್ಮ ಐದು ತಾಲ್ಲೂಕುಗಳ ಲೆಕ್ಕದ ಚರಿತ್ರೆ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಮನೆಯಲ್ಲೂ ಒಂದೇ ಮಾತು ನಡೆಯುತ್ತದೆ: ಮುಂದೇನು? ಹೆಚ್ಚು ಅಂಕ ಬಂದಿದ್ದರೆ ವಿಜ್ಞಾನ, ಸ್ವಲ್ಪ ಕಡಿಮೆಯಾಗಿದ್ದರೆ ವಾಣಿಜ್ಯ, ಉಳಿದವರಿಗೆ ಕಲೆ ಎಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಕಲಾ ವಿಭಾಗಕ್ಕೆ ಸೇರಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಸುಲಭವಾಗಿ ಅಂಕ ಬರುವ ವಿಷಯ ಯಾವುದು ಎಂಬ ವಿಚಾರಣೆ ಶುರುವಾಗುತ್ತದೆ. ಆಗ ಅರ್ಥಶಾಸ್ತ್ರದ ಹೆಸರು ಬಂದರೆ ಹಲವರು ಹಿಂದೆ ಸರಿಯುತ್ತಾರೆ. ಅದರಲ್ಲಿ ರೇಖಾಚಿತ್ರಗಳಿವೆ, ಕೋಷ್ಟಕಗಳಿವೆ, ಲೆಕ್ಕವಿದೆ. ನಮ್ಮ ಬದುಕಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೂ ಇದ್ದಾರೆ.

ಸಂಬಂಧ ಇದೆ, ಅದೂ ಎರಡು ನೂರು ವರ್ಷಗಳಷ್ಟು ಹಳೆಯದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಸೀಮೆಯ ನೆಲ, ನೀರು, ಹಸಿವು, ಸಾಲ ಇವೆಲ್ಲವನ್ನೂ ಅರ್ಥಶಾಸ್ತ್ರ ಓದಿದವರು ಬಹಳ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಆದರೆ ಆ ಲೆಕ್ಕ ಹಾಕಿದವರು ನಾವಾಗಿರಲಿಲ್ಲ. ಲೆಕ್ಕದ ಪುಸ್ತಕ ನಮ್ಮ ಮಕ್ಕಳ ಕೈಗೆ ಬಂದದ್ದು ತೀರಾ ತಡವಾಗಿ. ಬಂದಿರುವಾಗ ಅದನ್ನು ಕೈಬಿಡಬಾರದು ಎಂಬುದೇ ನನ್ನ ವಿನಂತಿ.

ನಿಮ್ಮದೇ ವಯಸ್ಸಿನ ಹುಡುಗರ ಒಂದು ಕಾಲೇಜು

ಇಂಗ್ಲೆಂಡಿನಲ್ಲಿ ಹದಿನಾರರಿಂದ ಹದಿನೆಂಟು ವಯಸ್ಸಿನವರ ತರಗತಿಗೆ ಸಿಕ್ಸ್ತ್ ಫಾರ್ಮ್ ಎಂಬ ಹೆಸರಿದೆ. ನಮ್ಮ ಕಡೆಯ ಹಿರಿಯರೂ ಆ ಹೆಸರನ್ನು ಬಳಸುತ್ತಿದ್ದರು. ಮದ್ರಾಸ್ ಸರ್ಕಾರದ ಕಾಲದಲ್ಲಿ ಎಸ್.ಎಸ್.ಎಲ್.ಸಿ. ತರಗತಿಯೇ ಆರನೇ ಫಾರಂ. ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಮಾತ್ರ ವಯಸ್ಸಿನ ಲೆಕ್ಕದಲ್ಲಿ ನಮ್ಮ ಪಿ.ಯು.ಸಿ.ಗೆ ಸಮ.

ಈಸ್ಟ್ ಇಂಡಿಯಾ ಕಂಪನಿಯು ಭಾರತಕ್ಕೆ ಕಳುಹಿಸಬೇಕಾದ ತನ್ನ ಅಧಿಕಾರಿಗಳಿಗಾಗಿ ಇಂಗ್ಲೆಂಡಿನಲ್ಲಿ ಒಂದು ಕಾಲೇಜನ್ನು ತೆರೆಯಿತು. 1809ರಲ್ಲಿ ಅದು ಹೇಲಿಬರಿ ಎಂಬಲ್ಲಿನ ಸ್ವಂತ ಕಟ್ಟಡಕ್ಕೆ ಬಂತು. ಅಲ್ಲಿ ಕಲಿಯುತ್ತಿದ್ದವರು ಹದಿನಾರರಿಂದ ಹದಿನೆಂಟರ ಆಸುಪಾಸಿನ ಹುಡುಗರು. ಅವರಿಗೆ ಪರ್ಷಿಯನ್, ಸಂಸ್ಕೃತ, ಕಾನೂನುಗಳ ಜೊತೆಗೆ ಅರ್ಥಶಾಸ್ತ್ರವನ್ನೂ ಕಲಿಸಲಾಗುತ್ತಿತ್ತು. ಕಲಿಸಿದವನು ಜನಸಂಖ್ಯೆಯ ಸಿದ್ಧಾಂತದಿಂದ ಪ್ರಸಿದ್ಧನಾದ ಥಾಮಸ್ ರಾಬರ್ಟ್ ಮಾಲ್ಥಸ್. 1805ರಲ್ಲಿ ನೇಮಕಗೊಂಡ ಅವನು 1834ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಲೇಜಿನಲ್ಲಿದ್ದ. ಬ್ರಿಟನ್ನಿನಲ್ಲಿ ಈ ವಿಷಯದ ಮೊದಲ ಪ್ರಾಧ್ಯಾಪಕನೆಂದು ಚರಿತ್ರಕಾರರು ಅವನನ್ನೇ ಹೆಸರಿಸುತ್ತಾರೆ. ಅವನ ನಂತರ ಬಂದ ರಿಚರ್ಡ್ ಜೋನ್ಸ್ 1831ರ ತನ್ನ ಗ್ರಂಥದಲ್ಲಿ ಜಗತ್ತಿನ ರೈತರು ಕೊಡುವ ಗೇಣಿಯನ್ನು ವಿಂಗಡಿಸುವಾಗ 'ರಯತ ಗೇಣಿ' ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿದ್ದ.

ಮಿತ್ರರೇ, ಸ್ವಲ್ಪ ನಿಂತು ಯೋಚಿಸಿ. ನಿಮ್ಮದೇ ವಯಸ್ಸಿನ ಹುಡುಗರು ಸಾವಿರಾರು ಮೈಲಿ ದೂರದ ಒಂದು ತರಗತಿಯಲ್ಲಿ ಕುಳಿತು ನಮ್ಮಂಥ ಸೀಮೆಗಳ ಭೂಮಿ, ಗೇಣಿ, ಕಂದಾಯಗಳ ಪಾಠ ಕಲಿಯುತ್ತಿದ್ದರು. ಕಲಿತವರು ಇಲ್ಲಿಗೆ ಬಂದು ಕಂದಾಯ ನಿಗದಿ ಮಾಡುತ್ತಿದ್ದರು. ಕಂದಾಯ ಕಟ್ಟುವವನ ಮಗನಿಗೆ ಆ ಪಾಠ ಇರಲಿಲ್ಲ.

ಮನ್ರೋ ಸಾಹೇಬನ ಜಮಾಬಂದಿ

ನಮ್ಮ ಸೀಮೆಯ ಬಹುಭಾಗವನ್ನು ಹೈದರಾಬಾದಿನ ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಆದ್ದರಿಂದಲೇ ಬಳ್ಳಾರಿ, ಅನಂತಪುರ, ಕಡಪಗಳ ಈ ಭಾಗಕ್ಕೆ 'ದತ್ತಮಂಡಲ' ಎಂಬ ಹೆಸರು ಬಂತು. ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು, ಹೊಲಗಳನ್ನು ಅಳೆಯಿಸಿ, ಪ್ರತಿಯೊಬ್ಬ ರೈತನೊಂದಿಗೆ ಸರ್ಕಾರವೇ ನೇರವಾಗಿ ಕಂದಾಯದ ಒಪ್ಪಂದ ಮಾಡಿಕೊಳ್ಳುವ ಪದ್ಧತಿಯನ್ನು ಬೆಳೆಸಿದ. ಇದೇ ರೈತವಾರಿ ಪದ್ಧತಿ. ಭಾರತದ ಆರ್ಥಿಕ ಚರಿತ್ರೆ ಓದುವ ಯಾವ ವಿದ್ಯಾರ್ಥಿಯೂ ಈ ಪದವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮದ್ರಾಸಿನ ವಿದ್ಯಾರ್ಥಿಗೂ ಮುಂಬಯಿಯ ವಿದ್ಯಾರ್ಥಿಗೂ ಅದು ಪುಸ್ತಕದ ಪದ. ನಿಮಗಾದರೋ ನಿಮ್ಮ ಮುತ್ತಜ್ಜನ ಹೊಲದ ಸಂಗತಿ.

ತಾನು ನಿಗದಿ ಮಾಡಿದ ಕಂದಾಯ ಹೆಚ್ಚಾಯಿತೆಂದು ಮನ್ರೋನಿಗೇ ಅನ್ನಿಸಿತ್ತು. ಹೋಗುವ ಮುನ್ನ, 1807ರಲ್ಲಿ, ಅದನ್ನು ಶೇ. 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದ. ಆದರೆ ಆ ಇಳಿಕೆ ಜಾರಿಗೆ ಬಂದದ್ದು ಅವನೇ 1820ರಲ್ಲಿ ಮದ್ರಾಸಿನ ಗವರ್ನರ್ ಆಗಿ ಮರಳಿ ಬಂದ ಮೇಲೆ. ಒಂದು ಅಂಕಿ ಕಾಗದದ ಮೇಲೆ ತಪ್ಪಾದರೆ ಎಷ್ಟು ಕಾಲ ಹೊಲದ ಮೇಲೆ ಉಳಿಯುತ್ತದೆ ನೋಡಿ.

ಇನ್ನೊಂದು ಗಮನಾರ್ಹ ಸಂಗತಿ ಭಾಷೆಗೆ ಸಂಬಂಧಿಸಿದ್ದು. ಜಮೀನು, ಫಸಲು, ಜಮಾಬಂದಿ, ಕಿಸ್ತು, ಬಾಕಿ, ವಸೂಲಿ, ಖರ್ಚು, ಹಿಸಾಬು, ಕೊನೆಗೆ 'ರೈತ' ಎಂಬ ಪದವೂ ಅರಬ್ಬಿ ಮತ್ತು ಫಾರಸಿಯಿಂದ ನಮ್ಮ ಕನ್ನಡಕ್ಕೆ ಬಂದವು. ಸಂತೆಯಲ್ಲಿ, ದುಕಾನಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಎಲ್ಲ ಸಮುದಾಯದವರೂ ಇಂದಿಗೂ ಈ ಮಾತುಗಳಲ್ಲೇ ಲೆಕ್ಕ ಹೇಳುತ್ತಾರೆ. ಹೀಗಿರುವಾಗ ಅರ್ಥಶಾಸ್ತ್ರದ ಭಾಷೆ ನಮಗೆ ಹೊರಗಿನದು ಎನ್ನುವುದು ಸರಿಯಲ್ಲ.

ಧಾತು ಈಶ್ವರ ಬರ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ಕರೆದರು. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಕುಸಿಯಿತು.

ಆಗ ವೈಸರಾಯ್ ಲಿಟ್ಟನ್ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕೆಲಸದ ಕೂಲಿಯನ್ನು ಕಡಿತಗೊಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ, ಜೊತೆಗೆ ಒಂದಿಷ್ಟು ಚಿಲ್ಲರೆ ಕಾಸು. ಇಷ್ಟರಲ್ಲಿ ಕಲ್ಲು ಒಡೆಯುವವನು ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದ. ಖಜಾನೆಯ ಖರ್ಚು ಮುಖ್ಯವೋ, ಮನುಷ್ಯನ ಜೀವ ಮುಖ್ಯವೋ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ನಂತರ ಕೂಲಿಯನ್ನು ಏರಿಸಲಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿಹೋಗಿತ್ತು.

ಈ ಬರದಿಂದ ಅರ್ಥಶಾಸ್ತ್ರಕ್ಕೆ ಬಂದ ಒಬ್ಬ ಮನುಷ್ಯನ ಹೆಸರು ನಿಮ್ಮ ಮೊದಲ ಪಿ.ಯು.ಸಿ. ಪಠ್ಯದಲ್ಲೇ ಇದೆ. ಸ್ವಾತಂತ್ರ್ಯಪೂರ್ವದ ರಾಷ್ಟ್ರೀಯ ವರಮಾನವನ್ನು ಅಂದಾಜು ಮಾಡಿದವರು ಎಂದು ದಾದಾಭಾಯಿ ನವರೋಜಿ, ವಿಲಿಯಂ ಡಿಗ್ಬಿ, ಫಿಂಡ್ಲೆ ಶಿರಾಸ್, ವಿ.ಕೆ.ಆರ್.ವಿ. ರಾವ್, ಆರ್.ಸಿ. ದೇಸಾಯಿ ಇವರನ್ನು ಉರು ಹೊಡೆಯುತ್ತೀರಲ್ಲವೇ? ಇವರಲ್ಲಿ ಡಿಗ್ಬಿ ಆಗ ಮದ್ರಾಸಿನಲ್ಲಿ ಪತ್ರಿಕಾ ಸಂಪಾದಕನಾಗಿದ್ದ, ಕ್ಷಾಮ ಪರಿಹಾರ ನಿಧಿಯ ಕಾರ್ಯದರ್ಶಿಯಾಗಿ ದುಡಿದ. ದಕ್ಷಿಣ ಭಾರತದ ಆ ಕ್ಷಾಮದ ಮೇಲೆ 1878ರಲ್ಲಿ ಎರಡು ಸಂಪುಟಗಳ ಗ್ರಂಥ ಬರೆದ. ಅವನು ಕಂಡ ಹಸಿವಿನಲ್ಲಿ ನಮ್ಮ ಜಿಲ್ಲೆಯ ಹಸಿವೂ ಸೇರಿತ್ತು. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಐದು ಹೆಸರುಗಳ ಹಿಂದೆ ಇಂಥ ಕಥೆಯಿದೆ.

ಅದೇ 1876ರಲ್ಲಿ ನವರೋಜಿಯವರು ಭಾರತದ ಬಡತನದ ಬಗ್ಗೆ ತಮ್ಮ ಪ್ರಸಿದ್ಧ ಪ್ರಬಂಧವನ್ನು ಮಂಡಿಸಿದರು. ಭಾರತೀಯನ ಸರಾಸರಿ ವಾರ್ಷಿಕ ವರಮಾನ ಕೇವಲ 20 ರೂಪಾಯಿ ಎಂದು ಅಂದಾಜು ಮಾಡಿ, ಜೈಲಿನ ಖೈದಿಯ ಊಟ ಬಟ್ಟೆಗೆ ಸರ್ಕಾರ ಮಾಡುವ ಖರ್ಚಿನೊಂದಿಗೆ ಅದನ್ನು ಹೋಲಿಸಿದರು. ಸ್ವತಂತ್ರ ಮನುಷ್ಯನಿಗೆ ಖೈದಿಗೆ ಸಿಗುವಷ್ಟೂ ಇಲ್ಲ ಎಂಬುದು ಆ ಲೆಕ್ಕದಿಂದ ಹೊರಬಿತ್ತು. ಭಾಷಣದಿಂದ ಆಗದ ಕೆಲಸವನ್ನು ಒಂದು ಹೋಲಿಕೆ ಮಾಡಿತು. ಅರ್ಥಶಾಸ್ತ್ರದ ಶಕ್ತಿ ಇದೇ.

ಕಾಲೇಜು ಹತ್ತಿರ ಬಂದ ಬಗೆ

ಈಗ ನಮ್ಮ ಊರುಗಳ ಶಿಕ್ಷಣದ ಕಡೆಗೆ ಬರೋಣ. ದತ್ತಮಂಡಲಕ್ಕೆ ಸರ್ಕಾರಿ ಕಾಲೇಜು ಬಂದದ್ದು 1916ರಲ್ಲಿ, ಅದೂ ಅನಂತಪುರದಲ್ಲಿ. ಬಳ್ಳಾರಿಯಲ್ಲಿ ಅದೇ 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ವೀರಶೈವ ಕಾಲೇಜನ್ನು ತೆರೆಯಿತು. ಅಲ್ಲಿಯವರೆಗೆ ಹಡಗಲಿ ಅಥವಾ ಹರಪನಹಳ್ಳಿಯ ಹುಡುಗ ಮೆಟ್ರಿಕ್ ನಂತರ ಓದಬೇಕೆಂದರೆ ದೂರದ ಊರು, ಬೇರೆ ಭಾಷೆಯ ಪರಿಸರ, ಇಂಗ್ಲಿಷ್ ಪಾಠ. ಹುಡುಗಿಯ ಮಾತಂತೂ ಕೇಳುವಂತಿರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1956ರ ಏಕೀಕರಣದ ನಂತರ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ, 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರುತ್ತ ಬಂದವು. ಇತ್ತ ಎರಡು ವರ್ಷದ ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿ.ಯು.ಸಿ. ಬಂತು. 1970ರ ದಶಕದ ಆರಂಭದಲ್ಲಿ ಅದು ಎರಡು ವರ್ಷದ ಪಿ.ಯು.ಸಿ. ಆಯಿತು. ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು, ಹಡಗಲಿಯ ಜಿ.ಬಿ.ಆರ್. ಕಾಲೇಜು, ಹರಪನಹಳ್ಳಿಯ ಎ.ಡಿ.ಬಿ. ಕಾಲೇಜುಗಳಂಥ ಸಂಸ್ಥೆಗಳು, ನಂತರ ಸರ್ಕಾರಿ ಪದವಿಪೂರ್ವ ಕಾಲೇಜುಗಳು ತಲೆಯೆತ್ತಿದವು. ಬೇಡಿಕೆ, ಪೂರೈಕೆ, ಹಣದುಬ್ಬರ, ಸೀಮಾಂತ ತುಷ್ಟಿಗುಣ, ಅವಕಾಶ ವೆಚ್ಚ ಎಂದು ಕನ್ನಡದಲ್ಲೇ ಪಾಠ ಕೇಳುವ, ಕನ್ನಡದಲ್ಲೇ ಉತ್ತರ ಬರೆಯುವ ಕಾಲ ಬಂತು. ಸಂಜೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ ಕಾಲೇಜು ಇದ್ದಾಗ ಮಾತ್ರ ಎಷ್ಟೋ ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆಯಿತು ಎಂಬುದನ್ನು ನಾವು ಮರೆಯಬಾರದು.

ಮೇಲೆ ಹೇಳಿದ ಅವಕಾಶ ವೆಚ್ಚ ಎಂಬ ಪದಕ್ಕೆ ಉದಾಹರಣೆ ಬೇಕೇ? 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟನ್ನು ನೋಡಿ. ಅದರ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಹಗರಿಬೊಮ್ಮನಹಳ್ಳಿ ಕಡೆಯ ಹೊಲಗಳೂ ಅದರಲ್ಲಿ ಹೋದವು. ಆದರೆ ಕಾಲುವೆಗಳು ಹರಿದದ್ದು ಅಣೆಕಟ್ಟಿನ ಕೆಳಗಿನ ನಾಡಿಗೆ. ಎತ್ತರದಲ್ಲಿರುವ ಕೂಡ್ಲಿಗಿಯ ಕೆಂಪು ನೆಲ ಮಳೆಯನ್ನೇ ನಂಬಿ ಉಳಿಯಿತು. ಒಂದನ್ನು ಪಡೆಯಲು ಮತ್ತೊಂದನ್ನು ಬಿಡಬೇಕಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಪಡೆದವರು ಯಾರು, ಬಿಟ್ಟವರು ಯಾರು ಎಂದು ಕೇಳುವುದು ಓದಿದವರ ಕೆಲಸ.

ನಮ್ಮನ್ನು ಅಳೆದ ಸೂಚ್ಯಂಕ

ಮೊದಲ ಪಿ.ಯು.ಸಿ.ಯ ಸಂಖ್ಯಾಶಾಸ್ತ್ರ ಭಾಗದಲ್ಲಿ 'ಸೂಚ್ಯಂಕಗಳು' ಎಂಬ ಅಧ್ಯಾಯವಿದೆ. ಬಹಳ ಜನ ಅದನ್ನು ಬಿಟ್ಟು ಬೇರೆ ಪ್ರಶ್ನೆ ಬರೆಯುತ್ತಾರೆ. ಆದರೆ ನಮ್ಮ ತಾಲ್ಲೂಕುಗಳ ಹಣೆಬರಹ ಒಂದು ಸೂಚ್ಯಂಕದಿಂದಲೇ ದಾಖಲಾಯಿತು. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ 2002ರಲ್ಲಿ ವರದಿ ನೀಡಿತು. 35 ಸೂಚಕಗಳನ್ನು ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದವು ಎಂದು ಕಂಡುಬಂತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಗ ಕೊಟ್ಟೂರನ್ನೂ ಒಳಗೊಂಡಿದ್ದ ಕೂಡ್ಲಿಗಿ ಮತ್ತು ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಆ 39ರ ಪಟ್ಟಿಯಲ್ಲಿವೆ.

ಪಟ್ಟಿಯಲ್ಲಿ ಹೆಸರಿರುವುದು ಅವಮಾನವೆಂದು ತಿಳಿಯಬೇಡಿ. ಅದು ಹಕ್ಕಿನ ಕಾಗದ. ಆದರೆ ಓದಲು ಬಂದವನಿಗೆ ಮಾತ್ರ ಹಕ್ಕು. ಹರಪನಹಳ್ಳಿಯ ಜನರಿಗೆ ಇದು ಚೆನ್ನಾಗಿ ಗೊತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಕಾರಣ, 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಅವರು ಅದರ ಹೊರಗೆ ಉಳಿದರು. ಪಕ್ಕದ ಹಡಗಲಿಯ ವಿದ್ಯಾರ್ಥಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲು ಸಿಕ್ಕಿತು, ಹರಪನಹಳ್ಳಿಯವನಿಗೆ ಸಿಗಲಿಲ್ಲ. ಹೋರಾಟದ ನಂತರ 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ವಿಜಯನಗರ ಜಿಲ್ಲೆಯಲ್ಲಿವೆ.

ನಮ್ಮ ಸಮುದಾಯದ ಬಗ್ಗೆಯೂ ಇಂಥದೇ ಒಂದು ಲೆಕ್ಕವಿದೆ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ನೀಡಿದ ವರದಿಯ ಪ್ರಕಾರ 2001ರಲ್ಲಿ ದೇಶದ ಮುಸ್ಲಿಮರ ಸಾಕ್ಷರತೆ ಶೇ. 59.1. ಆ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದವರು ಅರ್ಥಶಾಸ್ತ್ರಜ್ಞ ಡಾ. ಅಬೂಸಾಲೇಹ್ ಷರೀಫ್. ವೇದಿಕೆಗಳ ಮೇಲೆ ಸಾಚಾರ್ ವರದಿಯ ಹೆಸರು ಹೇಳುವವರು ಬಹಳ, ಅದರ ಕೋಷ್ಟಕಗಳನ್ನು ಓದಿದವರು ಕಡಿಮೆ. ಓದಿ ವಿವರಿಸುವವರು ನಿಮ್ಮ ತರಗತಿಯಿಂದಲೇ ಬರಬೇಕು.

ರ‍್ಯಾಂಕಿನ ನಾಡಿನಲ್ಲಿ

ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿದ ಇದೇ ಸೀಮೆ ಇಂದು ಕಲಾ ವಿಭಾಗದ ಫಲಿತಾಂಶಕ್ಕೆ ರಾಜ್ಯದಲ್ಲೇ ಹೆಸರಾಗಿದೆ. 2016ರಲ್ಲಿ ಹರಪನಹಳ್ಳಿ, 2018, 2019, 2020ರಲ್ಲಿ ಸತತವಾಗಿ ಕೊಟ್ಟೂರಿನ ಇಂದು ಪದವಿಪೂರ್ವ ಕಾಲೇಜು ದ್ವಿತೀಯ ಪಿ.ಯು.ಸಿ. ಕಲಾ ವಿಭಾಗದ ಪ್ರಥಮ ಸ್ಥಾನವನ್ನು ತಂದವು. 2019ರಲ್ಲಿ 600ಕ್ಕೆ 594 ಅಂಕ ಪಡೆದ ವಿದ್ಯಾರ್ಥಿನಿಯ ತಂದೆ ಪಂಕ್ಚರ್ ಅಂಗಡಿ ನಡೆಸುತ್ತಿದ್ದರು ಎಂಬುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಬಡತನ ಬುದ್ಧಿಗೆ ಅಡ್ಡಿಯಲ್ಲ ಎಂದು ಈ ಮಕ್ಕಳು ತೋರಿಸಿಕೊಟ್ಟರು. ಇದು ಎಲ್ಲರಿಗೂ ಹೆಮ್ಮೆಯ ವಿಷಯ.

ಆದರೂ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಅಂಕವನ್ನೇ ಗುರಿಯಾಗಿಟ್ಟುಕೊಂಡು ವಿಷಯ ಆರಿಸುವ ಅಭ್ಯಾಸ ಬಂದರೆ, ಕಷ್ಟವೆನಿಸುವ ವಿಷಯ ಮೆಲ್ಲನೆ ಮರೆಯಾಗುತ್ತದೆ. ಅಂಕ ನಿಮಗೆ ಒಂದು ಸೀಟು ಕೊಡಿಸಬಹುದು. ಲೆಕ್ಕ ಓದುವ ಕಣ್ಣು ಒಂದು ಮನೆಯನ್ನೇ ಕಾಪಾಡಬಹುದು.

ಒಂದು ಉದಾಹರಣೆ ನೋಡಿ. ನಿಮ್ಮ ತಾಯಿ 10,000 ರೂಪಾಯಿ ಸಾಲ ತೆಗೆದರೆಂದುಕೊಳ್ಳಿ. 'ವರ್ಷಕ್ಕೆ ಶೇ. 12 ಬಡ್ಡಿ, ತಿಂಗಳ ಕಂತು' ಎಂದು ಹೇಳಿ ಒಟ್ಟು 11,200 ರೂಪಾಯಿಯನ್ನು ಹನ್ನೆರಡು ಕಂತುಗಳಲ್ಲಿ ವಸೂಲು ಮಾಡುತ್ತಾರೆ. ಕೇಳಲು ಶೇ. 12. ಆದರೆ ಪ್ರತಿ ಕಂತಿನೊಂದಿಗೆ ಅಸಲು ಕರಗುತ್ತ ಹೋಗುತ್ತದೆ. ವರ್ಷವಿಡೀ ಅವರ ಕೈಯಲ್ಲಿ ಸರಾಸರಿ ಇದ್ದದ್ದು ಸುಮಾರು 5,400 ರೂಪಾಯಿ ಮಾತ್ರ. ಅದಕ್ಕೆ 1,200 ರೂಪಾಯಿ ಬಡ್ಡಿ ಎಂದರೆ ನಿಜವಾದ ದರ ಶೇ. 22ರ ಹತ್ತಿರ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಾಗಿಲಿಗೆ ಬಂದವನನ್ನು ತಡೆಯಬಹುದು. ಸಹಿ ಹಾಕುವ ಮುನ್ನ ಕಾಗದ ಓದುವವರು ಮನೆಯೊಳಗೇ ಇರಬೇಕು.

ನಿಮ್ಮ ಊರಿನ ಲೆಕ್ಕ ನೀವೇ ಬರೆಯಿರಿ

ಕೊನೆಯದಾಗಿ ಒಂದು ಹಳೆಯ ಮಾದರಿಯನ್ನು ನಿಮ್ಮ ಮುಂದಿಡುತ್ತೇನೆ. ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕನಾಗಿ 1915ರಲ್ಲಿ ಬಂದ ಗಿಲ್ಬರ್ಟ್ ಸ್ಲೇಟರ್ ತನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟ. ರಜೆಯಲ್ಲಿ ತಮ್ಮ ತಮ್ಮ ಹಳ್ಳಿಗೆ ಹೋದಾಗ ಹೊಲ, ಬೆಳೆ, ಕೂಲಿ, ಸಾಲ, ಕಸುಬುಗಳ ವಿವರವನ್ನು ಕೇಳಿ ಬರೆದು ತರಬೇಕು. ಹಾಗೆ ಬಂದ ಬರಹಗಳಿಂದ 1918ರಲ್ಲಿ ದಕ್ಷಿಣ ಭಾರತದ ಹಳ್ಳಿಗಳ ಬಗ್ಗೆ ಒಂದು ಪುಸ್ತಕ ಹೊರಬಂತು. ದೊಡ್ಡ ವಿದ್ವಾಂಸರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಅದರ ಮೂಲ ವಿದ್ಯಾರ್ಥಿಗಳ ನೋಟ್‌ಬುಕ್ಕು.

ನೀವೂ ಇದನ್ನು ಮಾಡಬಹುದು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಯೊಳಗೆ ಮಾರಾಟವಾಗಬೇಕು. ಮದುವೆಯ ಕಾಲದಲ್ಲಿ ದರ ಎಷ್ಟು, ಆಷಾಢದಲ್ಲಿ ಎಷ್ಟು? ಬಿಡಿಸಿದ ಹೆಣ್ಣುಮಗಳಿಗೆ ಎಷ್ಟು, ಕಟ್ಟಿದವಳಿಗೆ ಎಷ್ಟು, ಮಾರಿದವನಿಗೆ ಎಷ್ಟು? ಕೂಡ್ಲಿಗಿಯ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ, ಕೊಟ್ಟೂರಿನ ಮಾರುಕಟ್ಟೆಯ ದರ ಇವನ್ನು ಒಂದು ವರ್ಷ ಬರೆದಿಡಿ. 2019ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮಾರ್ಗವಾಗಿ ಹರಿಹರಕ್ಕೆ ಪ್ರಯಾಣಿಕರ ರೈಲು ಓಡಲು ಶುರುವಾಯಿತು. ಅದರಿಂದ ಯಾರ ಖರ್ಚು ಎಷ್ಟು ಉಳಿಯಿತೆಂದು ನಾಲ್ಕು ಜನರನ್ನು ಕೇಳಿ. ನಿಮ್ಮ ಪಠ್ಯದ ಬೇಡಿಕೆ, ಪೂರೈಕೆ, ಮೂಲಸೌಕರ್ಯ ಎಲ್ಲವೂ ಆ ಪುಟಗಳಲ್ಲಿ ಕಾಣುತ್ತವೆ.

ಹೇಲಿಬರಿಯ ಹುಡುಗರು ನಮ್ಮಿಂದ ವಸೂಲಿ ಮಾಡುವ ಸಲುವಾಗಿ ಈ ವಿದ್ಯೆಯನ್ನು ಕಲಿತರು. ಡಿಗ್ಬಿ ಮತ್ತು ನವರೋಜಿ ಅದೇ ವಿದ್ಯೆಯಿಂದ ನಮ್ಮ ಹಸಿವನ್ನು ಜಗತ್ತಿಗೆ ತೋರಿಸಿದರು. ನಂಜುಂಡಪ್ಪನವರು ಅದರಿಂದಲೇ ನಮ್ಮ ಪಾಲನ್ನು ಕೇಳಿದರು. ವಿದ್ಯೆ ಒಂದೇ, ಹಿಡಿದ ಕೈ ಬೇರೆ. ಈ ಜೂನ್ ತಿಂಗಳಲ್ಲಿ ಪ್ರವೇಶದ ಅರ್ಜಿ ತುಂಬುವಾಗ, ವಿಷಯಗಳ ಪಟ್ಟಿಯಲ್ಲಿ ಅರ್ಥಶಾಸ್ತ್ರ ಎಂಬ ಹೆಸರು ಕಂಡಾಗ ಇದನ್ನು ನೆನಪಿಸಿಕೊಳ್ಳಿ. ಹಿರಿಯರೇ, ಮಗಳಿಗಾಗಲಿ ಮಗನಿಗಾಗಲಿ ಅದು ಕಷ್ಟ, ಬೇಡ ಎಂದು ಹೇಳುವ ಮುನ್ನ ನೀವೂ ಒಮ್ಮೆ ಯೋಚಿಸಿ. ನಮ್ಮ ಹಿಸಾಬನ್ನು ಇನ್ನು ಮುಂದೆ ನಮ್ಮ ಮಕ್ಕಳೇ ಬರೆಯಲಿ.